ಹನಿಗೂಡಿದರೆ ಹಳ್ಳ

1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತ ಪಾರಾಗಬೇಕೆಂಬುದೇ ಅವರ ಹಂಬಲ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬರುತ್ತಿದ್ದರು. 1965ರ ಆಹಾರ ಅಭಾವದಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಲು ಕರೆಕೊಟ್ಟರು. ಎಲ್ಲರೂ ಬಿಟ್ಟಾಗ ಹಸಿವು ಅಷ್ಟು ಕಾಡಲಿಲ್ಲ ಅಂತಾರೆ ನಮ್ಮ ಹಿರಿಯರು.

ನಾವೂ ವಾರಕ್ಕೊಂದು ದಿನ ಅಂಗಡಿ ಮೆಟ್ಟಿಲು ಹತ್ತಬಾರದು ಅಂತ ಮಾತಾಡಿಕೊಂಡೆವು. ಸಕ್ಕರೆ ತೀರಿದ ಮನೆಗೆ ಪಕ್ಕದವರು ಬೆಲ್ಲ ಕೊಟ್ರು. ಉಳಿದ ದುಡ್ಡು ಸಂಘದ ಪಾಸ್‌ಬುಕ್ಕಿಗೆ ಬಂತು. ಒಬ್ಬೊಬ್ಬರೇ ಆಗಿದ್ರೆ ಇದು ಆಗ್ತಿರಲಿಲ್ಲ.

ಆದರೆ ಕಂತು ತಪ್ಪಿದವರನ್ನು ಹಂಗಿಸಿದ ತಪ್ಪೂ ನಮ್ಮಿಂದ ಆಗಿದೆ. ಕೂಲಿ ಸಿಗದವನಿಗೆ ಖರ್ಚಿಲ್ಲದ ದಿನ ವ್ರತವಲ್ಲ, ಬಡತನ. ಅಂಥ ಮನೆಗೆ ಸಂಘದ ಸಾಲ ಮೊದಲು ಸಿಗಲಿ. ಕಣಗಿನಹಾಳದ ಹಿರಿಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ.