ಕವಳದ ನಾಡಿನಲ್ಲಿ ಬುದ್ಧಿಹಲ್ಲಿನ ಚಿಕಿತ್ಸೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರ ಮನೆಗಳಲ್ಲಿ ಬಂದ ನೆಂಟನಿಗೆ ಮೊದಲು ಕಾಲಿಗೆ ನೀರು, ಅನಂತರ ಕುಡಿಯಲು ಆಸರಿ, ತರುವಾಯ ಜಗಲಿಯ ಮೇಲೆ ಕವಳದ ತಬಕು, ಇದು ತಲೆಮಾರುಗಳಿಂದ ನಡೆದುಬಂದ ಕ್ರಮ. ಹಲ್ಲೆಲ್ಲ ಉದುರಿದ ಮೇಲೂ ಕವಳವನ್ನು ಬಿಡಲಾರದ ವೃದ್ಧರು ಎಲೆ, ಅಡಿಕೆ, ಸುಣ್ಣಗಳನ್ನು ಪುಟ್ಟ ಕುಟ್ಟಾಣಿಯಲ್ಲಿ ಹದವಾಗಿ ಕುಟ್ಟಿ ಬಾಯಿಗಿಟ್ಟುಕೊಳ್ಳುತ್ತಿದ್ದುದನ್ನು ಕಂಡವರಿಗೆ, ಈ ಸೀಮೆಯಲ್ಲಿ ಹಲ್ಲಿನ ಚರಿತ್ರೆಯನ್ನು ಅಡಿಕೆಯ ಚರಿತ್ರೆಯಿಂದ ಬೇರ್ಪಡಿಸಿ ಹೇಳಲಾಗದೆಂಬುದು ತಾನಾಗಿಯೇ ವೇದ್ಯವಾಗುತ್ತದೆ.

ಸುಮಾರು 17ರಿಂದ 25ರ ವಯಸ್ಸಿನಲ್ಲಿ ದವಡೆಯ ಕಟ್ಟಕಡೆಗೆ ಹುಟ್ಟುವ ಬುದ್ಧಿಹಲ್ಲಿನ ಬಾಧೆ ಬಹು ಪುರಾತನವಾದುದು. ಹನುವಿನ ಕೊನೆಯ ದಂತದ ಬಳಿ ಮಹಾಶೋಥವೂ ತೀವ್ರವೇದನೆಯೂ ಲಾಲಾಸ್ರಾವವೂ ತೋರುವ ವ್ಯಾಧಿಯನ್ನು ಸುಶ್ರುತಸಂಹಿತೆಯು ಅಧಿಮಾಂಸವೆಂದು ಹೆಸರಿಸಿ, ಬೆಳೆದ ಮಾಂಸವನ್ನು ಛೇದಿಸಿದ ತರುವಾಯ ಜೇನಿನೊಡನೆ ಔಷಧ ಚೂರ್ಣವನ್ನು ಲೇಪಿಸಬೇಕೆಂದೂ, ಪಡವಲ, ಬೇವು, ತ್ರಿಫಲೆಗಳ ಕಷಾಯದಿಂದ ಬಾಯಿ ತೊಳೆಯಬೇಕೆಂದೂ ವಿಧಿಸುತ್ತದೆ. ಶಸ್ತ್ರಕರ್ಮವು ಕ್ಷಣದ ಕೆಲಸ, ವ್ರಣವು ಮಾಯುವುದೇ ದೀರ್ಘಕಾರ್ಯವೆಂಬ ವಿವೇಕವು ಅಂದೇ ಇದ್ದಿತು.

ಮಲೆನಾಡಿನ ಮನೆಮದ್ದೂ ಇದೇ ದಾರಿಯದು. ನೋಯುವ ಹಲ್ಲಿನಡಿಯಲ್ಲಿ ಲವಂಗವನ್ನಿಟ್ಟು ಕಚ್ಚುವುದು, ಪೇರಲೆಯ ಚಿಗುರೆಲೆಯ ಕಷಾಯದಿಂದ ಬಾಯಿ ಮುಕ್ಕಳಿಸುವುದು, ಬೆಚ್ಚನೆಯ ಉಪ್ಪುನೀರು, ಅರಿಸಿನ, ಇವು ಹಿರಿಯ ಹೆಂಗಸರ ಕೈಯಳತೆಯಲ್ಲಿದ್ದ ಔಷಧಗಳು. ಹಲ್ಲು ಕಿತ್ತ ಮೇಲೆ ತಣಿದ ಗಂಜಿ, ಮಜ್ಜಿಗೆಯನ್ನ. ಹುಳಿ ಖಾರದ ಅಪ್ಪೆಹುಳಿ ವರ್ಜ್ಯ. ಎಲ್ಲಕ್ಕೂ ಮಿಗಿಲಾಗಿ ಕವಳ ವರ್ಜ್ಯ. ಅದೇ ಪಾಲಿಸಲು ಅತ್ಯಂತ ಕಠಿನವಾದ ಪಥ್ಯ.

1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಈ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಊರುಗಳಿಗೆ ನವೀನ ದಂತವೈದ್ಯವು ನಿಧಾನವಾಗಿಯೇ ಏರಿಬಂದಿತು. ದೇಶದಲ್ಲಿ ದಂತವೈದ್ಯರ ಕಾಯಿದೆಯಾದುದು 1948ರಲ್ಲಿ. ಮಣಿಪಾಲದಲ್ಲಿ 1965ರಲ್ಲಿಯೂ, ಧಾರವಾಡದಲ್ಲಿ 1986ರಲ್ಲಿಯೂ ದಂತವೈದ್ಯಕೀಯ ಕಾಲೇಜುಗಳು ಸ್ಥಾಪಿತವಾದುವು. ಲಿಗ್ನೋಕೇನಿನ ಸೂಜಿಮದ್ದು ಬಂದ ಮೇಲೆ ಕೀಳುವ ನೋವು ಅಳಿಯಿತಾದರೂ, ಆಮೇಲಿನ ಬಾವು, ಬಾಯಿ ತೆರೆಯಲಾಗದ ಬಿಗಿತಗಳು ಉಳಿದುವು.

ಈ ಶೇಷಬಾಧೆಯ ಶಮನಕ್ಕೆಂದು ಪ್ರಯೋಗಕ್ಕೆ ಬಂದುದು ಲೇಸರ್ ಬೆಳಕು. ಅಮೆರಿಕದ ಥಿಯೊಡರ್ ಮೈಮನ್ 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದನು. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಎಂಬ ವೈದ್ಯನು, ಕೂದಲು ಬೋಳಿಸಿದ ಇಲಿಗಳ ಚರ್ಮದ ಮೇಲೆ ಕ್ಷೀಣಶಕ್ತಿಯ ಲೇಸರ್ ಬೀರಿದಾಗ ರೋಮವು ಶೀಘ್ರವಾಗಿ ಬೆಳೆದುದನ್ನು ಕಂಡು, ಗಾಯಗಳ ಮೇಲೆಯೂ ಅದನ್ನು ಪರೀಕ್ಷಿಸಿದನು. ಕೊಯ್ಯದ, ಸುಡದ ಈ ಕೆಂಪು ಅಥವಾ ಅವಗೆಂಪು ಕಿರಣಗಳನ್ನು ಇಂದಿನ ದಂತವೈದ್ಯರು ಕೆನ್ನೆಯ ಹೊರಗಿನಿಂದಲೋ ಒಸಡಿನ ಮೇಲೆಯೋ ಕೆಲವು ನಿಮಿಷಗಳ ಕಾಲ ಬೀರುತ್ತಾರೆ. ಜೀವಕೋಶದ ಮೈಟೊಕಾಂಡ್ರಿಯಗಳು ಬೆಳಕನ್ನು ಹೀರಿ ದುರಸ್ತಿಕಾರ್ಯವನ್ನು ಚುರುಕುಗೊಳಿಸುತ್ತವೆಂಬುದು ಅದರ ಹಿಂದಣ ತರ್ಕ. ದವಡೆಯ ಬಿಗಿತವು ಇದರಿಂದ ತಕ್ಕಮಟ್ಟಿಗೆ ಸಡಿಲವಾಗುವುದನ್ನು ಪರೀಕ್ಷೆಗಳು ತೋರಿಸಿವೆ. ನೋವು, ಬಾವುಗಳ ವಿಷಯದಲ್ಲಿ ಫಲಿತಾಂಶಗಳು ಏಕರೂಪವಾಗಿಲ್ಲ.

ಆದುದರಿಂದ ಬೆಳಕು ಸಹಾಯಕವೇ ಹೊರತು ಪಥ್ಯಕ್ಕೆ ಬದಲಿಯಲ್ಲ. ಹಲ್ಲು ಕಿತ್ತ ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕದಲದೆ ಉಳಿದರೆ ಮಾತ್ರ ಗಾಯವು ಸುಸೂತ್ರವಾಗಿ ಮಾಯುತ್ತದೆ. ಅಡಿಕೆಯನ್ನು ಬಿಡದೆ ಅಗಿಯುವ ಅಭ್ಯಾಸವು ಬಾಯಿಯ ಒಳಪದರವನ್ನು ಬಿಗಿಗೊಳಿಸುತ್ತದೆ. ಅದು ಅರ್ಬುದಕಾರಕವೆಂದು ವಿಶ್ವಸಂಸ್ಥೆಯ ಆರೋಗ್ಯಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ಅನ್ನವನ್ನೂ ಅಕ್ಷರವನ್ನೂ ಗಳಿಸಿದ ನಾಡಿಗೆ ಇದು ಕಹಿಯಾದ ಮಾತು. ಆದರೂ ಹಲ್ಲು ಕೀಳಿಸಿಕೊಂಡು ಮನೆಗೆ ಮರಳಿದ ತರುಣನ ಎದುರಿಗಿನ ಕವಳದ ತಬಕನ್ನು ಅಜ್ಜಿಯು ಸದ್ದಿಲ್ಲದೆ ಒಳಗೊಯ್ದಿರಿಸಲಿ. ಆಗ ವೈದ್ಯನು ಮಾಡಿದ ಚಿಕಿತ್ಸೆಯು ಸಾರ್ಥಕವಾದೀತು.