ಉಕ್ಕಿನ ಬಾಗಿಲ ಮೇಲಿನ ಅಕ್ಷರಗಳು

ಮನೆಯಲ್ಲಿ ಮಾಡುವ ಅಲಂಕಾರದ ಆಯಸ್ಕಾಂತಗಳಿಗೂ ಚರಿತ್ರೆಯೇ ಎಂದು ಓದುಗರು ನಕ್ಕಾರು. ಆದರೆ ಅವು ಅಂಟಿಕೊಳ್ಳಲು ಮೊದಲು ಉಕ್ಕಿನ ಬಾಗಿಲೊಂದು ಬೇಕಲ್ಲ! ಆ ಬಾಗಿಲು ಮುಂಬಯಿಯದೇ. ಗೋದ್ರೆಜ್ ಸಂಸ್ಥೆ 1923ರಲ್ಲಿ ಸ್ಟೋರ್‌ವೆಲ್ ಕಪಾಟನ್ನೂ 1958ರಲ್ಲಿ ರೆಫ್ರಿಜರೇಟರನ್ನೂ ತಯಾರಿಸಿತು. ಮರುವರ್ಷ ಇದೇ ನಗರದಲ್ಲಿ ಫೆವಿಕಾಲ್ ಹುಟ್ಟಿತು. ಕಪ್ಪು ಬಿಲ್ಲೆಯ ಮೂಲ ಮಾತ್ರ ದೂರದ್ದು: 1930ರಲ್ಲಿ ಟೋಕಿಯೊದ ಕಾಟೊ ಮತ್ತು ಟಾಕೆಯಿ ಕಂಡುಹಿಡಿದ ಫೆರೈಟ್. ತುಕ್ಕಿನ ಕುಲದ ಪುಡಿಯನ್ನು ಮಡಕೆಯಂತೆ ಸುಟ್ಟು ಮಾಡುವ ವಸ್ತುವದು. ಆದ್ದರಿಂದಲೇ ಅಗ್ಗ, ಆದ್ದರಿಂದಲೇ ಕೆಳಗೆ ಬಿದ್ದರೆ ಹೋಳು.

ಡೊಂಬಿವಲಿಯ ನಮ್ಮ ಮನೆಯಲ್ಲಿ ನಾವು ಈ ಹವ್ಯಾಸ ಹಿಡಿದದ್ದು ಮಕ್ಕಳಿಗಾಗಿ. ಶಾಲೆಯಲ್ಲಿ ಅವರಿಗೆ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡಕ್ಕೆ ಗೋಡೆಯೇ ಗತಿ. ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ಬಿಲ್ಲೆಗಳನ್ನು ತಂದು, ರಟ್ಟಿನ ಅಕ್ಷರಗಳನ್ನು ಫೆವಿಕಾಲಿನಿಂದ ಅಂಟಿಸಿದೆವು. ಮೊದಲ ಮಳೆಗಾಲದಲ್ಲೇ ಸ್ವರಗಳೆಲ್ಲ ಕಳಚಿದವು. ಅದು ಮರಕ್ಕೆ ಹೇಳಿದ ಅಂಟು, ಫೆರೈಟಿಗಲ್ಲ. ಮುಂದೆ ಎಂ-ಸೀಲ್ ನಾದಿ ಅಕ್ಷರಗಳನ್ನೇ ತಿದ್ದಿದೆವು. ಅದು ಬೇಗ ಗಟ್ಟಿಯಾಗುವುದರಿಂದ ‘ಋ’ ಕೊನೆಗೂ ಸರಿಹೋಗಲಿಲ್ಲ. ಚನ್ನಪಟ್ಟಣದ ಮುರಿದ ಬೊಂಬೆಯೊಂದರ ತಲೆಯೂ ಬೆನ್ನಿಗೆ ಬಿಲ್ಲೆ ಹೊತ್ತು ವರ್ಣಮಾಲೆಯ ಪಕ್ಕದಲ್ಲಿ ನಿಂತಿತು.

ಕಳೆದ ವರ್ಷ ಬಂದ ಹೊಸ ಫ್ರಿಜ್ಜಿಗೆ ಗಾಜಿನ ಬಾಗಿಲು. ಒಂದು ಅಕ್ಷರವೂ ನಿಲ್ಲಲಿಲ್ಲ. ಅಜ್ಜಿಯ ಕಾಲದ ಉಕ್ಕಿನ ಕಪಾಟನ್ನು ಗುಜರಿಗೆ ಹಾಕಲು ಹೊರಟಿದ್ದ ನಾವು ಅದನ್ನು ಉಳಿಸಿಕೊಂಡೆವು. ಈಗ ವರ್ಣಮಾಲೆ ಅಲ್ಲಿದೆ. ಚಿಕ್ಕವಳು ಬೆಳಿಗ್ಗೆ ಸಮವಸ್ತ್ರ ತೆಗೆಯುವಾಗ ಒಂದು ಪದ ಜೋಡಿಸಿ ಹೋಗುತ್ತಾಳೆ, ‘ಋ’ವನ್ನು ಮುಟ್ಟದೆ.