‘ಸೆಟ್’ ಪದದ ಅರ್ಥವಿಸ್ತಾರ: ಇಂಗ್ಲಿಷಿನಲ್ಲಿ, ಕನ್ನಡದಲ್ಲಿ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂಬ ರಸಪ್ರಶ್ನೆಗೆ ಬಹುಕಾಲ ‘ಸೆಟ್’ ಎಂಬುದೇ ಉತ್ತರವಾಗಿತ್ತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿದ್ದವು. 2011ರಲ್ಲಿ, ಪರಿಷ್ಕಾರಗೊಂಡ ‘ರನ್’ 645 ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ಹೊಸದಾಗಿ ತಿದ್ದಿದ ನಮೂದನ್ನು ಹಳೆಯದರ ಪಕ್ಕದಲ್ಲಿಟ್ಟು ಗೆದ್ದವರಾರೆಂದು ಕೇಳುವುದು ಸಲ್ಲದು. ಅರ್ಥಗಳ ಎಣಿಕೆ ಬಹುಮಟ್ಟಿಗೆ ನಿಘಂಟುಕಾರ ಎಲ್ಲೆಲ್ಲಿ ಗೆರೆ ಎಳೆದ ಎಂಬುದರ ಫಲ.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು. ಅದರ ಪ್ರೇರಣಾರ್ಥಕ ರೂಪ ‘ಸೆಟ್ಟನ್’, ಅಂದರೆ ಕೂರಿಸು. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆ ಕೂರಿಸುವುದು, ಅಚ್ಚುಮೊಳೆ ಜೋಡಿಸುವುದು ಈ ಬೇರಿಗೆ ಹತ್ತಿರದ ಅರ್ಥಗಳು. ಸೂರ್ಯ ಮುಳುಗುವುದು, ಗಾರೆ ಗಟ್ಟಿಯಾಗುವುದು ಇವೂ ಅದೇ ಪದದ ಪಾಲಿಗೆ ಬಂದಾಗ ಪ್ರೇರಣಾರ್ಥ ಮಸುಕಾಯಿತು. ಸಕರ್ಮಕ, ಅಕರ್ಮಕ ಎರಡಕ್ಕೂ ಒಂದೇ ರೂಪ ಉಳಿಯಿತು. ‘ಅಪ್’, ‘ಔಟ್’, ‘ಆಫ್’ಗಳ ಜೊತೆಗೂಡಿ ಹುಟ್ಟಿದ ಅರ್ಥಗಳು ನಮೂದನ್ನು ಇನ್ನಷ್ಟು ಉಬ್ಬಿಸಿದವು. ‘ಗುಂಪು’ ಎಂಬರ್ಥದ ನಾಮಪದದ ಕುಲವೇ ಬೇರೆ: ಲ್ಯಾಟಿನ್ನಿನ ‘ಸೆಕ್ಟ’ ಹಳೆಯ ಫ್ರೆಂಚಿನ ಮೂಲಕ ಬಂದು, ಈ ಕ್ರಿಯಾಪದದ ಪ್ರಭಾವಕ್ಕೆ ಒಳಗಾಯಿತು.

ಕನ್ನಡದಲ್ಲಿ ನಾಮಪದಕ್ಕೆ ತೊಡಕಿಲ್ಲ: ಪಂಪ್‌ಸೆಟ್, ಟೀವಿ ಸೆಟ್, ಸಿನಿಮಾದವರು ಹಾಕುವ ಸೆಟ್, ಒಂದೇ ತಟ್ಟೆಯಲ್ಲಿ ಎರಡು ಮೂರು ಬರುವ ಸೆಟ್ ದೋಸೆ. (ಉಪನ್ಯಾಸಕರಾಗಬಯಸುವವರು ಬರೆಯುವ ಕೆ-ಸೆಟ್ ಈ ಲೆಕ್ಕಕ್ಕೆ ಸೇರದು, ಅದು ಮೊದಲಕ್ಷರಗಳ ಜೋಡಣೆ.) ಕುತೂಹಲವಿರುವುದು ಕ್ರಿಯಾಪದದಲ್ಲಿ. ಕನ್ನಡಿಗರು ‘ಸೆಟ್ಟಿದನು’ ಎನ್ನುವುದಿಲ್ಲ. ‘ಅಲಾರಂ ಸೆಟ್ ಮಾಡು’, ‘ಕಾಂಕ್ರೀಟ್ ಸೆಟ್ ಆಗಲಿ’ ಎನ್ನುತ್ತಾರೆ. ಇಂಗ್ಲಿಷ್ ಒಂದೇ ರೂಪದಲ್ಲಿ ಬೆರೆಸಿಬಿಟ್ಟ ಸಕರ್ಮಕ-ಅಕರ್ಮಕಗಳನ್ನು ‘ಮಾಡು’, ‘ಆಗು’ಗಳು ಮತ್ತೆ ಬೇರ್ಪಡಿಸುತ್ತವೆ.

ಇನ್ನೂ ಮುಂದಿನ ಹೆಜ್ಜೆಯೊಂದಿದೆ. ‘ನಂಗೂ ಅವನಿಗೂ ಸೆಟ್ ಆಗಲ್ಲ’, ‘ಆ ಊರಿನ ನೀರು ನಂಗೆ ಸೆಟ್ ಆಗಲಿಲ್ಲ’ ಎಂಬ ಮಾತುಗಳನ್ನು ಗಮನಿಸಿ. ಮೊದಲನೆಯದರಲ್ಲಿ ‘ಹೊಂದು’, ಎರಡನೆಯದರಲ್ಲಿ ‘ಒಗ್ಗು’ ಎಂಬ ಅರ್ಥ. ಅನುಭವಿಸುವ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿ ಬರುವ ಈ ರಚನೆ ‘ನನಗೆ ಹಿಡಿಸಿತು’, ‘ನನಗೆ ಒಗ್ಗಿತು’ ಎಂಬವುಗಳ ಅಚ್ಚಿನಲ್ಲೇ ಮೂಡಿದೆ. ಇಂಗ್ಲಿಷಿನ ‘ಸೆಟ್’ ಹೀಗೆ ಬಳಕೆಯಾಗುವುದಿಲ್ಲ; ಲಂಡನ್ನಿನವರಿಗೆ ಈ ವಾಕ್ಯವನ್ನು ಪದಶಃ ಇಂಗ್ಲಿಷಿನಲ್ಲಿ ಹೇಳಿದರೆ ಅರ್ಥವಾಗದು. ಇದು ಕನ್ನಡವೊಂದರದೇ ಸೃಷ್ಟಿಯೆಂದು ಬೀಗಬೇಕಿಲ್ಲ, ತಮಿಳಿನ ಆಡುಮಾತಿನಲ್ಲೂ ಇಂಥದೇ ಪ್ರಯೋಗವಿದೆ. ಎರಡೂ ಭಾಷೆಗಳಲ್ಲಿ ಚತುರ್ಥಿಯ ಇಂಥ ರಚನೆ ಮೊದಲೇ ಇದ್ದುದರಿಂದ ಎರವಲು ಪದ ಅದರೊಳಗೆ ಸಲೀಸಾಗಿ ಸೇರಿಕೊಂಡಿದೆ.

ಆದ್ದರಿಂದ ಇಂಥ ಬಳಕೆಯನ್ನು ‘ಕಂಗ್ಲಿಷ್’ ಎಂದು ತಳ್ಳಿಹಾಕುವುದು ಸೋಮಾರಿತನ. ಮುಂದೆ ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರು ‘ಸೆಟ್ ಆಗು’ ಎಂಬುದನ್ನು ಚತುರ್ಥಿಯ ಉದಾಹರಣೆ ಸಹಿತ ಪ್ರತ್ಯೇಕ ನಮೂದಾಗಿ ಕೊಡಬೇಕು.